ಕೋಳಿ ಜಾಲರಿಯ ಛತ್ರಿಗಳು

1975ರ ಆಗಸ್ಟ್ 1ರಂದು ರಾಯಚೂರು ಜಿಲ್ಲೆಯ ಆಯ್ದ ಹಳ್ಳಿಗಳಲ್ಲಿ ಟಿ.ವಿ. ಶುರುವಾಯಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು ಅದಾಗಿ ಆರು ವರ್ಷಕ್ಕೆ. ಸಿಂಧನೂರು, ಲಿಂಗಸುಗೂರುಗಳು ಆಗಲೂ ಇದೇ ಜಿಲ್ಲೆಯ ತಾಲ್ಲೂಕುಗಳು.

ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಟಿ.ವಿ. ತಲುಪಿಸುವ ಈ ಪ್ರಯೋಗದ ಹೆಸರು ‘ಸೈಟ್’. ವಿಕ್ರಂ ಸಾರಾಭಾಯಿ ಕಂಡ ಕನಸು ಇದು; ಅಮೆರಿಕದ ನಾಸಾ ಜೊತೆ ಒಪ್ಪಂದವಾದದ್ದು 1969ರಲ್ಲಿ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದವು. ಕರ್ನಾಟಕದ ಪಾಲಿಗೆ ಗುಲಬರ್ಗಾ, ವಿಜಾಪುರ, ರಾಯಚೂರು ಜಿಲ್ಲೆಗಳು ಬಂದವು. ಬೆಳಿಗ್ಗೆ ಶಾಲಾಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯದ ಮಾತು.

ಹಳ್ಳಿಯ ಕಟ್ಟಡದ ಪಕ್ಕದಲ್ಲಿ ನಿಂತಿದ್ದ ಆಂಟೆನಾ ನೋಡಿದರೆ ದೊಡ್ಡ ವಿಜ್ಞಾನ ಅನ್ನಿಸುವಂತಿರಲಿಲ್ಲ. ಹತ್ತಡಿ ಅಗಲದ ಚೌಕಟ್ಟು, ಅದಕ್ಕೆ ಬಿಗಿದ ಕೋಳಿಗೂಡಿನ ತಂತಿ ಜಾಲರಿ, ನಡುವೆ ಮುಂದಕ್ಕೆ ಚಾಚಿದ ಗ್ರಾಹಕ, ಅಲ್ಲಿಂದ ಟಿ.ವಿ. ಪೆಟ್ಟಿಗೆಗೆ ಇಳಿದ ಕೇಬಲ್. ಅಷ್ಟೊಂದು ತೂತಿನ ಜಾಲರಿಯಲ್ಲಿ ಅಲೆ ಸೋರಿಹೋಗುವುದಿಲ್ಲವೇ? ಇಲ್ಲ. ಉಪಗ್ರಹ ಬಿಡುತ್ತಿದ್ದ 860 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಜಾಲರಿಯ ಕಣ್ಣುಗಳು ಅದಕ್ಕಿಂತ ತೀರಾ ಚಿಕ್ಕವಿದ್ದರೆ ಅಲೆಗೆ ಜಾಲರಿಯೂ ಒಂದೇ, ತಗಡೂ ಒಂದೇ. ಜಾಲರಿಯ ಲಾಭ ಬೇರೆ: ಬೆಲೆ ಕಡಿಮೆ, ಹೊರುವುದು ಸುಲಭ, ಗಾಳಿಯೂ ತೂರಿಹೋಗುತ್ತದೆ.

ಹಳ್ಳಿಗೆ ಇಷ್ಟು ಅಗ್ಗದ ಆಂಟೆನಾ ಸಾಕಾದದ್ದು ಭಾರವನ್ನೆಲ್ಲ ಆಕಾಶ ಹೊತ್ತಿದ್ದರಿಂದ. ನಾಸಾದ ಎಟಿಎಸ್-6 ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಬಿಚ್ಚಿಕೊಂಡದ್ದು 30 ಅಡಿ ಅಗಲದ ಆಂಟೆನಾ. 48 ಅಲ್ಯೂಮಿನಿಯಂ ಕಡ್ಡಿಗಳಿಗೆ ಲೋಹ ಲೇಪಿಸಿದ ಡೇಕ್ರಾನ್ ಜಾಲರಿ. ಅದರ ಪ್ರಸಾರದ ಶಕ್ತಿ ಸುಮಾರು 80 ವ್ಯಾಟ್. ಒಂದು ಬಲ್ಬಿನಷ್ಟು ಶಕ್ತಿಯನ್ನು ಅಷ್ಟಗಲದ ಆಂಟೆನಾ ಒಟ್ಟುಗೂಡಿಸಿ ಭಾರತದ ಕಡೆಗೇ ಬೀರುತ್ತಿತ್ತು.

ಆದರೆ ಉಪಗ್ರಹ ಒಂದೇ ವರ್ಷದ ಕಡ. 1976ರ ಜುಲೈ 31ಕ್ಕೆ ಪ್ರಸಾರ ನಿಂತಿತು. ಮರುವರ್ಷ ಗುಲಬರ್ಗಾದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂದರೂ ಅದರ ಅಲೆ ಸುತ್ತಲಿನ ಊರುಗಳಾಚೆ ಹೋಗಲಿಲ್ಲ. ನೂರು ಕಿಲೋಮೀಟರಿಗೂ ಆಚೆಯ ಲಿಂಗಸುಗೂರು, ಸಿಂಧನೂರುಗಳು ಹೊರಗುಳಿದವು.

ಮುಂದೆ ಅಲೆ ಗಿಡ್ಡವಾದಂತೆ ಛತ್ರಿಯೂ ಚಿಕ್ಕದಾಗುತ್ತ ಹೋಯಿತು. ತೊಂಬತ್ತರ ದಶಕದ ಕೇಬಲ್‌ನವರ ದೊಡ್ಡ ಡಿಶ್‌ಗಳು ಹಿಡಿಯುತ್ತಿದ್ದ ಅಲೆ ಏಳೆಂಟು ಸೆಂಟಿಮೀಟರಿನದು. 2004ರ ಡಿಸೆಂಬರಿನಲ್ಲಿ ದೂರದರ್ಶನ ಡಿಟಿಎಚ್ ಶುರುಮಾಡಿದಾಗ ಅಲೆ ಎರಡೂವರೆ ಸೆಂಟಿಮೀಟರಿಗೆ ಇಳಿದಿತ್ತು. ಮಾಳಿಗೆ ಮೇಲೆ ಎರಡಡಿಯ ತಗಡಿನ ಡಿಶ್ ಸಾಕಾಯಿತು. 5ಜಿ ಟವರಿನ ಚಪ್ಪಟೆ ಪೆಟ್ಟಿಗೆಯಲ್ಲಂತೂ ಸಣ್ಣ ಸಣ್ಣ ಆಂಟೆನಾಗಳು ಸಾಲಾಗಿ ಕೂತಿರುತ್ತವೆ. ಒಂದೊಂದಕ್ಕೂ ಸಿಗ್ನಲ್ ಕೊಡುವ ಗಳಿಗೆಯನ್ನು ಕೊಂಚ ಹಿಂದುಮುಂದು ಮಾಡಿದರೆ, ಪೆಟ್ಟಿಗೆ ಅಲುಗದೆಯೇ ಅಲೆ ಬೇಕಾದ ಫೋನಿನತ್ತ ತಿರುಗುತ್ತದೆ.

ಹಾಗಂತ ಜಾಲರಿಯ ಕಾಲ ಮುಗಿದಿಲ್ಲ. ಸೈಟ್ ಶುರುವಾಗಿ ಐವತ್ತು ವರ್ಷ ತುಂಬಲು ಎರಡು ದಿನ ಇರುವಾಗ, 2025ರ ಜುಲೈ 30ರಂದು, ಇಸ್ರೋ–ನಾಸಾ ಜಂಟಿಯಾಗಿ ಕಟ್ಟಿದ ನಿಸಾರ್ ಉಪಗ್ರಹ ಶ್ರೀಹರಿಕೋಟದಿಂದ ಏರಿತು. ಆಗಸ್ಟಿನಲ್ಲಿ ಅದು ಬಿಚ್ಚಿದ್ದು 12 ಮೀಟರ್ ಅಗಲದ, ಚಿನ್ನದ ಲೇಪದ ತಂತಿ ಜಾಲರಿ. ಅದು ತರುವುದು ಕಾರ್ಯಕ್ರಮವನ್ನಲ್ಲ. ರೇಡಾರ್ ಅಲೆ ನೆಲಕ್ಕೆ ತಾಗಿ ಮರಳಿದ್ದನ್ನು ಹಿಡಿದು ಮಣ್ಣಿನ ತೇವ, ಬೆಳೆಯ ಸ್ಥಿತಿ ಅಳೆಯುವುದು ಅದರ ಕೆಲಸ. ಆ ಅಲೆಗೆ ಮೋಡ ಅಡ್ಡಿಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಬೆಳೆಯುವ ಸಿಂಧನೂರಿನ ಭತ್ತದ ಗದ್ದೆಯಂಥ ನೆಲವನ್ನೂ, ಮುಂಗಾರಿನ ನಡುವೆಯೇ, 12 ದಿನಕ್ಕೊಮ್ಮೆ ಅದೇ ಕೋನದಿಂದ ನೋಡುವಂತೆ ಅದರ ಕಕ್ಷೆ ಹೊಂದಿಸಲಾಗಿದೆ.