ಆಕಾಶವಾಣಿ

ಬಯಲಾಟದಲ್ಲಿ ಕಂಸನಿಗೆ ಸಾವಿನ ಮುನ್ಸೂಚನೆ ಕೊಡುವ, ಮೈಯಿಲ್ಲದ ದನಿಯೇ ಆಕಾಶವಾಣಿ. ಆಡುವವನು ಪರದೆಯ ಹಿಂದೆ ನಿಂತಿರುತ್ತಾನೆ, ಅಷ್ಟೆ! ಆ ಹಳೆಯ ಪದ ಹೊಸ ಯಂತ್ರಕ್ಕೆ ಅಂಟಿದ್ದು ಮೈಸೂರಿನಲ್ಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವ್ಯಾಟ್‌ನ ಪ್ರಸಾರಯಂತ್ರ ಹೂಡಿದರು. ಹೆಸರು ಸೂಚಿಸಿದವರು ಸಾಹಿತಿ ನಾ. ಕಸ್ತೂರಿ ಎಂಬುದು ಪ್ರಸಿದ್ಧ. 1950ರ ದಶಕದಲ್ಲಿ ಅದು ದೇಶದ ರೇಡಿಯೋ ಸಂಸ್ಥೆಯದೇ ಹೆಸರಾಯಿತು. 1971ರ ಯುದ್ಧದ ವಾರ್ತೆ ಮನೆಮನೆಗೆ ಬಂದದ್ದೂ ಅದೇ ಹೆಸರಿನಲ್ಲಿ. ‘ಬಾನುಲಿ’ ಅಚ್ಚಗನ್ನಡವಾದರೂ ಪುಸ್ತಕದಲ್ಲೇ ಉಳಿಯಿತು ಅನ್ನಿ. ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆ ಪೆಟ್ಟಿಗೆಗೆ ‘ರೇಡಿಯೋ’, ಕೇಂದ್ರಕ್ಕೆ ‘ಆಕಾಶವಾಣಿ’: ಧಾರವಾಡದ್ದು, ಆಮೇಲೆ ಹೊಸಪೇಟೆಯದು. ಕೇಳಿದ ಗುಟ್ಟನ್ನು ಓಣಿಗೆಲ್ಲ ಹಂಚುವವರಿಗೂ ಇದೇ ಬಿರುದು: ‘ಆಕಿ ಮುಂದ ಹೇಳಬ್ಯಾಡ್ರಿ, ಊರ ಆಕಾಶವಾಣಿ!’