ಕೋವಿಯ ಇರುಳುಗಣ್ಣು

ಇಂಗ್ಲೆಂಡಿನಲ್ಲಿ ಕುರಿ ಸಾಕುವ ರೈತನಿಗೆ ಮರಿ ಹಾಕುವ ಕಾಲ ಬಂತೆಂದರೆ ನರಿಯದೇ ಚಿಂತೆ. ನರಿ ಬರುವುದು ಕತ್ತಲಲ್ಲಿ. ತನ್ನ ಜಮೀನಿಗೆ ಬಂದ ನರಿಯನ್ನು ರಾತ್ರಿ ಹೊಡೆಯಲು ಅಲ್ಲಿನ ಕಾನೂನು ಅಡ್ಡ ಬರುವುದಿಲ್ಲ. ಅವನ ಬಳಿ ರೈಫಲ್ ಇದೆ, ಅದರ ಮೇಲೆ ಹಗಲಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಸ್ಕೋಪು ಇದೆ. ರಾತ್ರಿಗೆ ಏನು ಮಾಡುವುದು? ಸ್ಕೋಪನ್ನೇ ತೆಗೆದು ರಾತ್ರಿಗೆಂದು ಮಾಡಿದ ಇನ್ನೊಂದನ್ನು ಕೂರಿಸಬಹುದು. ಇರುವ ಸ್ಕೋಪಿನ ಮುಂದೆ ಒಂದು ಸಾಧನವನ್ನು ಸಿಕ್ಕಿಸಬಹುದು. ಇಲ್ಲವೇ ಅದರ ಹಿಂದೆ, ಕಣ್ಣಿಡುವ ಕಡೆ, ಅಂಗೈಯಲ್ಲಿ ಹಿಡಿಸುವಂಥ ಪುಟ್ಟ ಡಿಜಿಟಲ್ ಕ್ಯಾಮೆರಾ ತೊಡಿಸಬಹುದು. ಈ ಕೊನೆಯದು ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗ. ಬೆಳಗಾದರೆ ಬಿಚ್ಚಿ ಜೇಬಿಗೆ ಹಾಕಿಕೊಂಡರಾಯಿತು, ಕೋವಿ ಮತ್ತೆ ಹಗಲಿನ ಕೋವಿ.

ಬೇಟೆಯ ಬರವಣಿಗೆಯನ್ನು ಓದಿಕೊಂಡು ಸಂಶೋಧನೆ ಮಾಡುತ್ತಿರುವ ನನಗೆ ಇದು ಬರೀ ಅಂಗಡಿಯ ಪ್ರಶ್ನೆಯಾಗಿ ಕಾಣಲಿಲ್ಲ. ಇದರೊಳಗೆ ಎರಡು ಹಳೆಯ ಪ್ರಶ್ನೆಗಳು ಅಡಗಿವೆ. ಕತ್ತಲಲ್ಲಿ ನೋಡಲು ಬೇಕಾದ ಬೆಳಕು ಎಲ್ಲಿಂದ ಬರಬೇಕು ಎಂಬುದು ಒಂದು. ಕಂಡದ್ದು ಏನೆಂದು ತಿಳಿಯುವುದು ಹೇಗೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಂಜಿನಿಯರುಗಳು ಮತ್ತೆ ಮತ್ತೆ ಉತ್ತರ ಕಂಡುಕೊಂಡರು. ಎರಡನೆಯದು ಪ್ರತಿ ಸಲವೂ ಹಿಂದೆ ಉಳಿಯಿತು. ಕನ್ನಡದಲ್ಲಿ ಇರುಳುಗಣ್ಣು ಎಂದರೆ ರಾತ್ರಿ ಕಾಣುವ ಕಣ್ಣಲ್ಲ, ರಾತ್ರಿ ಕಾಣದಿರುವ ರೋಗ. ಈ ಸಾಧನಗಳ ಚರಿತ್ರೆಗೆ ಅದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆಯಲಿಲ್ಲ.

ಟಾರ್ಚು ಬರುವ ಮೊದಲು ರಾತ್ರಿ ಬೇಟೆ ಎಂದರೆ ಬೆಳದಿಂಗಳ ಬೇಟೆ. ಅಟ್ಟಣೆಯ ಮೇಲೋ ನಮ್ಮ ಮಲೆನಾಡಿನವರು ಹೇಳುವಂತೆ ಮರಸಿನಲ್ಲೋ ಕೂತವನಿಗೆ ಪ್ರಾಣಿ ಮಸುಕಾಗಿಯಾದರೂ ಕಂಡೀತು, ಆದರೆ ನಳಿಗೆಯ ತುದಿಯ ಗುರಿಮಣಿಯೇ ಕಾಣುವುದಿಲ್ಲ. ಗುರಿ ಇಡಬೇಕೆಂದರೆ ಎರಡೂ ಒಟ್ಟಿಗೆ ಕಾಣಬೇಕು. ಅದಕ್ಕೇ ಗುರಿಮಣಿಗೆ ಬಿಳಿ ಬಣ್ಣ ಬಳಿಯುವುದು, ಹತ್ತಿಯ ಚೂರು ಅಂಟಿಸುವುದು ಮುಂತಾದ ಉಪಾಯಗಳು ಹುಟ್ಟಿದ್ದು. ರೈಫಲಿಗೆ ಕಟ್ಟಿದ ವಿದ್ಯುತ್ ಟಾರ್ಚು ಈ ತೊಡಕನ್ನು ಒಂದೇ ಏಟಿಗೆ ಬಿಡಿಸಿತು. ನಳಿಗೆಯೂ ಪ್ರಾಣಿಯೂ ಒಂದೇ ಬೆಳಕಿನಲ್ಲಿ. ಹಗಲಿನ ಆಯುಧಕ್ಕೆ ತಗುಲಿಸುವ ರಾತ್ರಿಯ ಉಪಕರಣ, ಅಂದರೆ ಇವತ್ತಿನ ಆಡ್-ಆನ್‌ನ ಮುತ್ತಜ್ಜ, ಇದೇ.

ಈ ಮುತ್ತಜ್ಜನ ಅತ್ಯಂತ ಪ್ರಸಿದ್ಧ ರಾತ್ರಿ 1926ರ ಮೇ ತಿಂಗಳ ಆರಂಭದ್ದು. ರುದ್ರಪ್ರಯಾಗದ ಹತ್ತಿರ ಗೋಲಾಬ್ರಾಯಿಯಲ್ಲಿ, ಯಾತ್ರಿಕರ ದಾರಿಯ ಪಕ್ಕದ ಮಾವಿನ ಮರದಲ್ಲಿ ಜಿಮ್ ಕಾರ್ಬೆಟ್ ಕೂತಿದ್ದರು. ಕೆಳಗೆ ಕತ್ತಿಗೆ ಗಂಟೆ ಕಟ್ಟಿದ ಆಡು. ಎಂಟು ವರ್ಷಗಳಲ್ಲಿ ನೂರಕ್ಕಿಂತ ಹೆಚ್ಚು ಜನರನ್ನು ಕೊಂದಿದ್ದ ಚಿರತೆ ಬಂತು, ಗಂಟೆ ಸದ್ದಾಯಿತು, ಕಾರ್ಬೆಟ್ ಟಾರ್ಚಿನ ಗುಂಡಿ ಒತ್ತಿದರು, ಗುಂಡು ಹಾರಿಸಿದರು, ಅಷ್ಟರಲ್ಲೇ ಟಾರ್ಚು ಆರಿಹೋಯಿತು. ಬ್ಯಾಟರಿ ಎಷ್ಟು ದಿನ ಬಾಳುತ್ತದೆ, ಅದನ್ನು ಆಗಾಗ ಪರೀಕ್ಷಿಸಬೇಕು ಎಂಬ ತಿಳಿವಳಿಕೆ ಆಗ ತಮಗಿರಲಿಲ್ಲ ಎಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಗುಂಡು ತಗುಲಿತೋ ಇಲ್ಲವೋ ತಿಳಿಯಲು ಬೆಳಕು ಹರಿಯುವವರೆಗೆ ಮರದಲ್ಲೇ ಕಾಯಬೇಕಾಯಿತು. ತೇಜಸ್ವಿಯವರ ಅನುವಾದದಲ್ಲಿ ಇದನ್ನು ಓದಿದ ಕನ್ನಡಿಗರಿಗೆ ಚಿರತೆ ನೆನಪಿರುತ್ತದೆ, ಟಾರ್ಚು ಮರೆತಿರುತ್ತದೆ. ನನಗೆ ಟಾರ್ಚೇ ಮುಖ್ಯ. ಎರಡು ಕ್ಷಣದ ಬೆಳಕು ಕೊಲ್ಲಲು ಸಾಕಾಯಿತು, ಕೊಂದದ್ದನ್ನು ತಿಳಿಯಲು ಸಾಕಾಗಲಿಲ್ಲ.

ಬೆಂಗಳೂರಿನ ಕೆನೆತ್ ಆಂಡರ್ಸನ್ ಕಾಲಕ್ಕೆ ರೈಫಲಿಗೆ ಟಾರ್ಚು ಬಿಗಿಯುವುದು ಮಾಮೂಲಿಯಾಗಿತ್ತು. ಮಲೆನಾಡಿನ ಶಿಕಾರಿಯವರು ತಲೆಗೆ ಬ್ಯಾಟರಿ ಕಟ್ಟಿಕೊಂಡರು. ಬೆಳಕು ಬಿದ್ದ ಕಡೆ ಎರಡು ಕೆಂಡ ಹೊಳೆಯುತ್ತವೆ. ಪ್ರಾಣಿಯ ಅಕ್ಷಿಪಟಲದ ಹಿಂದಿರುವ ಕನ್ನಡಿಯಂಥ ಪದರ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವುದರಿಂದ ಹೀಗೆ. ಅನುಭವಸ್ಥರು ಕಣ್ಣಿನ ಬಣ್ಣ, ಎತ್ತರ, ಎರಡರ ನಡುವಿನ ಅಂತರ ನೋಡಿ ಇದು ಕಡವೆ, ಇದು ಕಾಡುಬೆಕ್ಕು ಎಂದು ಹೇಳಬಲ್ಲರು. ಆದರೆ ಅದೇ ಪದರ ದನಕ್ಕೂ ಇದೆ, ಮನೆಯ ನಾಯಿಗೂ ಇದೆ. ತಪ್ಪಿಸಿಕೊಂಡು ಕಾಡಂಚಿನಲ್ಲಿ ಮಲಗಿದ ಎಮ್ಮೆಯ ಕಣ್ಣೂ ಹೊಳೆಯುತ್ತದೆ. ಮನುಷ್ಯನಿಗೆ ಆ ಪದರ ಇಲ್ಲ. ಹೊಳೆಯುವ ಕಣ್ಣನ್ನೇ ಹುಡುಕುವವನಿಗೆ ಪೊದೆಯ ಆಚೆ ನಿಂತ ಮನುಷ್ಯ ಗೋಚರಿಸುವುದೇ ಇಲ್ಲ.

ಟಾರ್ಚಿನ ಇನ್ನೊಂದು ದೋಷ ಹೊಡೆಯುವವನಿಗೇ ಸಂಬಂಧಿಸಿದ್ದು. ಬೆಳಕು ಹಾಕಿದವನು ತಾನೂ ಕಾಣುತ್ತಾನೆ. ಬೇಟೆಯಲ್ಲಿ ಇದು ಸಹಿಸಬಹುದಾದದ್ದು, ಯುದ್ಧದಲ್ಲಿ ಅಲ್ಲ. ಕಾಣದ ಬೆಳಕೊಂದಿದೆ ಎಂಬುದು 1800ರಿಂದಲೇ ಗೊತ್ತಿತ್ತು. ಆ ವರ್ಷ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಿಂದ ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಪಾದರಸ ಏರಿತ್ತು. ಆ ಅವಗೆಂಪನ್ನು ಕಣ್ಣಿಗೆ ಕಾಣುವ ಚಿತ್ರವಾಗಿ ಮಾರ್ಪಡಿಸುವ ಕೊಳವೆಯನ್ನು 1934ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದ ಹೋಲ್ಸ್ಟ್ ಮತ್ತು ಸಂಗಡಿಗರು ಮಾಡಿ ತೋರಿಸಿದರು. ಹನ್ನೊಂದು ವರ್ಷದ ನಂತರ ಅದು ರೈಫಲ್ ಏರಿತು. ಜರ್ಮನರು ತಮ್ಮದನ್ನು ವ್ಯಾಂಪೀರ್, ಅಂದರೆ ರಕ್ತಪಿಶಾಚಿ, ಎಂದು ಕರೆದರು. ನೋಡುವ ಭಾಗದ ತೂಕ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಸೈನಿಕನ ಬೆನ್ನಿಗೆ ಕಟ್ಟಿದ ಬ್ಯಾಟರಿ ಸುಮಾರು 13 ಕಿಲೋ. ಅದೇ 1945ರಲ್ಲಿ ಅಮೆರಿಕನ್ನರು ಓಕಿನಾವಾ ದ್ವೀಪದಲ್ಲಿ ಕಾರ್ಬೈನಿಗೆ ಸ್ನೈಪರ್‌ಸ್ಕೋಪ್ ತೊಡಿಸಿದರು. ಅದು ಕಾಣುತ್ತಿದ್ದದ್ದು ಸುಮಾರು 65 ಮೀಟರ್ ದೂರ, ಅಷ್ಟೆ. ಎರಡೂ ಕಡೆ ತತ್ತ್ವ ಒಂದೇ. ಕೋವಿಯ ಮೇಲೆ ಟಾರ್ಚು ಇದ್ದೇ ಇದೆ, ಆದರೆ ಅದರ ಬೆಳಕು ಬರಿಗಣ್ಣಿಗೆ ಕಾಣದು. ಎದುರಾಳಿಯ ಕೈಗೂ ಅಂಥದೇ ಒಂದು ಕೊಳವೆ ಸಿಕ್ಕಿತೋ, ಆ ಗುಟ್ಟು ಅಲ್ಲಿಗೆ ಮುಗಿಯಿತು. ಟಾರ್ಚು ಹಿಡಿದವನನ್ನು ಗುರುತಿಸಿದಷ್ಟೇ ಸುಲಭವಾಗಿ ಅವನನ್ನೂ ಗುರುತಿಸಬಹುದು.

ಹಾಗಾಗಿ ಮುಂದಿನ ಇಪ್ಪತ್ತು ವರ್ಷ ನಡೆದದ್ದು ಟಾರ್ಚನ್ನೇ ಕಿತ್ತೆಸೆಯುವ ಪ್ರಯತ್ನ. ವಿಯೆಟ್ನಾಂ ಯುದ್ಧದಲ್ಲಿ ಬಂದ ಸ್ಟಾರ್‌ಲೈಟ್ ಸ್ಕೋಪಿನಲ್ಲಿ ಮೂರು ಕೊಳವೆಗಳನ್ನು ಒಂದರ ಹಿಂದೊಂದು ಜೋಡಿಸಿದ್ದರು. ಚಂದ್ರನಿಂದಲೋ ನಕ್ಷತ್ರಗಳಿಂದಲೋ ಬಂದ ಕಿಂಚಿತ್ ಬೆಳಕನ್ನೇ ಅದು ಹತ್ತಾರು ಸಾವಿರ ಪಟ್ಟು ಹೆಚ್ಚಿಸುತ್ತಿತ್ತು. ತೂಕ ಮೂರು ಕಿಲೋಗಿಂತ ಕಡಿಮೆ, ಬೆನ್ನಿನ ಬ್ಯಾಟರಿ ಇಲ್ಲ, ಹೊರಗೆ ಬೆಳಕು ಬಿಡುವುದಿಲ್ಲ. ಆದರೆ ದಟ್ಟ ಕಾಡಿನ ಅಮಾವಾಸ್ಯೆಯಲ್ಲಿ ಹೆಚ್ಚಿಸಲು ಏನಾದರೂ ಇರಬೇಕಲ್ಲ! ಎದುರಿಗೆ ಒಂದು ದೀಪ ಬಂದರೆ ಇಡೀ ಚಿತ್ರ ಹಸಿರು ಮುದ್ದೆಯಾಗುತ್ತಿತ್ತು.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಯಾವ ಸಾಧನವೂ ಅಲ್ಲ, 1958ರ ಒಂದು ಪ್ರಬಂಧ. ಅಮೆರಿಕದ ಸೈನ್ಯಕ್ಕೆ ಕೆಲಸ ಮಾಡುತ್ತಿದ್ದ ಜಾನ್ ಜಾನ್ಸನ್ ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿ ಅದನ್ನು ಮಂಡಿಸಿದ. ಇಂಥ ಕೊಳವೆಗಳ ಮೂಲಕ ನೋಡುವವನಿಗೆ ಎಷ್ಟು ವಿವರ ಇದ್ದರೆ ಏನು ತಿಳಿಯುತ್ತದೆ ಎಂದು ಅಳೆಯುವುದು ಅವನ ಉದ್ದೇಶ. ಗುರಿಯ ಕಿರಿದಾದ ಅಗಲದಲ್ಲಿ ಕಪ್ಪು ಬಿಳುಪಿನ ಎಷ್ಟು ಜೋಡಿಗೆರೆಗಳನ್ನು ಬೇರೆಬೇರೆಯಾಗಿ ಕಾಣಬಹುದು ಎಂಬುದೇ ಅಳತೆ. ಅಲ್ಲಿ ಏನೋ ಇದೆ ಎನ್ನಲು ಒಂದು ಜೋಡಿ ಸಾಕು. ಅದು ಯಾವ ಬಗೆಯದು ಎನ್ನಲು ನಾಲ್ಕು ಬೇಕು. ನಿಖರವಾಗಿ ಇಂಥದೇ ಎಂದು ಗುರುತಿಸಲು 6.4. ಅದೂ ಸರಿಯಾಗುವ ಸಂಭವ ಅರ್ಧಕ್ಕರ್ಧ. ಅಂದರೆ ‘ಇದೆ’ ಎನ್ನುವುದಕ್ಕೂ ‘ಇದೇ’ ಎನ್ನುವುದಕ್ಕೂ ಆರು ಪಟ್ಟಿಗಿಂತ ಹೆಚ್ಚಿನ ಅಂತರ. ಕನ್ನಡದಲ್ಲಿ ಬರೀ ಒಂದು ದೀರ್ಘದ ವ್ಯತ್ಯಾಸ. ಹೊಳೆಯುವ ಕಣ್ಣಿಗೆ ಗುಂಡು ಹೊಡೆಯುವವನು ನಿಂತಿರುವುದು ಮೊದಲ ಮೆಟ್ಟಿಲಲ್ಲಿ.

ನಂತರದ ಕೊಳವೆಗಳ ಕಥೆಯನ್ನು ಬೇಗ ಹೇಳಿಬಿಡಬಹುದು. ಎರಡನೇ ತಲೆಮಾರಿನಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ರಂಧ್ರಗಳ ಗಾಜಿನ ತಟ್ಟೆ ಬಂತು, ಮೂರನೆಯದರಲ್ಲಿ ಗ್ಯಾಲಿಯಂ ಆರ್ಸೆನೈಡ್ ಲೇಪ ಬಂತು. ಚಿತ್ರ ತಿಳಿಯಾಯಿತು, ಬೆಲೆ ಏರಿತು, ಕೊಳವೆ ದೇಶದ ಗುಟ್ಟಾಯಿತು. ಈ ತಂತ್ರಜ್ಞಾನದ ವಿವರಗಳನ್ನು ಅನುಮತಿಯಿಲ್ಲದೆ ಹೊರದೇಶಗಳಿಗೆ ದಾಟಿಸಿದ್ದಕ್ಕೆ ಅಮೆರಿಕದ ಐಟಿಟಿ ಕಂಪನಿ 2007ರಲ್ಲಿ ತಪ್ಪೊಪ್ಪಿಕೊಂಡು 10 ಕೋಟಿ ಡಾಲರ್ ದಂಡಕ್ಕೆ ಒಪ್ಪಬೇಕಾಯಿತು. ನಮ್ಮಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತನ್ನ ಮಚಿಲಿಪಟ್ಟಣದ ಘಟಕದಲ್ಲಿ ರಾತ್ರಿ ನೋಟದ ಉಪಕರಣಗಳನ್ನು ಮಾಡುತ್ತದೆ, ಸೈನ್ಯಕ್ಕಾಗಿ. ಕುರಿ ರೈತನ ಕೈಗೆ ಎಟುಕುವ ವಸ್ತು ಇದಲ್ಲ.

ಅವನ ಕೈಗೆ ಎಟುಕುವ ವಸ್ತು ಬಂದದ್ದು ಇನ್ನೊಂದು ಓಣಿಯಿಂದ. 1969ರಲ್ಲಿ ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ ಸಿಸಿಡಿಯನ್ನು ರೂಪಿಸಿದರು (2009ರಲ್ಲಿ ಅದಕ್ಕೆ ನೊಬೆಲ್ ಬಂತು). 1990ರ ದಶಕದಲ್ಲಿ ನಾಸಾದ ಜೆಪಿಎಲ್‌ನಲ್ಲಿ ಎರಿಕ್ ಫಾಸಮ್ ತಂಡ ಸಿಮಾಸ್ ಸಂವೇದಕವನ್ನು ಬಳಕೆಗೆ ಒಗ್ಗಿಸಿತು. ಇವೆರಡೂ ಸಿಲಿಕಾನ್. ಸಿಲಿಕಾನಿಗೆ ನಮ್ಮ ಕಣ್ಣಿಗೆ ಕಾಣದ ಅವಗೆಂಪಿನ ಒಂದು ಪಟ್ಟಿ ಹುಟ್ಟಿನಿಂದಲೇ ಕಾಣುತ್ತದೆ. ಬಣ್ಣ ಕೆಡದಿರಲಿ ಎಂದು ಮಾಮೂಲಿ ಕ್ಯಾಮೆರಾದಲ್ಲಿ ಅದಕ್ಕೆ ಅಡ್ಡಗಾಜು ಇಟ್ಟಿರುತ್ತಾರೆ, ಅಷ್ಟೇ. ಹಳೆಯ ಮೊಬೈಲಿನ ಕ್ಯಾಮೆರಾ ಮುಂದೆ ಟಿವಿ ರಿಮೋಟು ಹಿಡಿದು ಗುಂಡಿ ಒತ್ತಿದರೆ ಅದರ ತುದಿ ಮಿನುಗುವುದನ್ನು ಹಲವರು ನೋಡಿರಬಹುದು. ಕಾವಲು ಕ್ಯಾಮೆರಾಗಳು ಇದೇ ಗುಣದ ಮೇಲೆ ನಿಂತಿವೆ. ಬ್ರಿಟನ್ನಿನ ಹವ್ಯಾಸಿಗಳು ಕಾವಲು ಕ್ಯಾಮೆರಾದ ಹಲಗೆ, ಒಂದು ಪುಟ್ಟ ಪರದೆ, ಒಂದು ಅವಗೆಂಪು ಟಾರ್ಚು ಸೇರಿಸಿ ಸ್ಕೋಪಿನ ಹಿಂದೆ ಕಟ್ಟಿಕೊಂಡು ನರಿ ಕಾಯತೊಡಗಿದರು. ಪಾರ್ಡ್ ಎನ್‌ವಿ007ನಂಥ ಚೀನಾದ ಸಾಧನಗಳಲ್ಲಿ ಇದೇ ಜೋಡಣೆ ಅಚ್ಚುಕಟ್ಟಾಗಿ ಕಾರ್ಖಾನೆಯಿಂದ ಬಂತು.

ಗಮನಿಸಿ, ಟಾರ್ಚು ವಾಪಸ್ಸು ಬಂದಿದೆ. ಡಿಜಿಟಲ್ ಸಂವೇದಕ ನಕ್ಷತ್ರದ ಬೆಳಕಿನಲ್ಲಿ ಒಳ್ಳೆಯ ಕೊಳವೆಯಷ್ಟು ನೋಡಲಾರದು. ದೂರ ನೋಡಬೇಕೆಂದರೆ ಅದಕ್ಕೆ ತನ್ನದೇ ಅವಗೆಂಪು ದೀಪ ಬೇಕು. ತತ್ತ್ವದಲ್ಲಿ ನಾವು 1945ಕ್ಕೆ ಮರಳಿದ್ದೇವೆ, 13 ಕಿಲೋ ಬ್ಯಾಟರಿಯ ಬದಲು ಬೆರಳುದ್ದದ ಬ್ಯಾಟರಿಯೊಂದಿಗೆ. ಮಂಜಿದ್ದರೆ ಆ ದೀಪದ ಬೆಳಕು ಮಂಜಿಗೇ ಬಡಿದು ಹಿಂದೆ ಬಂದು ಪರದೆಯನ್ನು ಬೆಳ್ಳಗಾಗಿಸುತ್ತದೆ. ದೀಪದಲ್ಲೂ ಆಯ್ಕೆ ಇದೆ. 850 ನ್ಯಾನೋಮೀಟರಿನದು ದೂರ ಕಾಣಿಸುತ್ತದೆ, ಆದರೆ ಅದರ ಮೂತಿ ಮಂದ ಕೆಂಪಾಗಿ ಹೊಳೆಯುವುದು ಎದುರಿನವರಿಗೆ ಕಾಣುತ್ತದೆ. 940ರದು ಹೊಳೆಯುವುದಿಲ್ಲ, ಆದರೆ ಸಿಲಿಕಾನಿಗೆ ಅಲ್ಲಿ ನೋಟ ಮಂದ, ಹಾಗಾಗಿ ದೂರ ಕಡಿಮೆ.

ಮುಂದೆಯೋ ಹಿಂದೆಯೋ ಎಂಬ ಪ್ರಶ್ನೆಗೂ ಉತ್ತರ ದೃಗ್ವಿಜ್ಞಾನದಲ್ಲೇ ಇದೆ. ಹಿಂದೆ ತೊಡಿಸಿದ ಕ್ಯಾಮೆರಾ ಸ್ಕೋಪಿನ ಗುರಿಗೆರೆಯನ್ನೂ ಪ್ರಾಣಿಯನ್ನೂ ಒಟ್ಟಿಗೇ ನೋಡುತ್ತದೆ. ಕ್ಯಾಮೆರಾ ಕೊಂಚ ಓರೆಯಾದರೆ ಎರಡೂ ಒಟ್ಟಿಗೇ ಓರೆಯಾಗುತ್ತವೆ, ಹೊಂದಿಸಿಟ್ಟ ಗುರಿ ಕೆಡುವುದಿಲ್ಲ. ಗುರಿಮಣಿಯ ಹತ್ತಿಚೂರಿನ ಕಾಲದ ಸಮಸ್ಯೆಗೆ ಇಷ್ಟು ಸರಳ ಪರಿಹಾರ! ಬದಲಿಗೆ ಕೊಡಬೇಕಾದ ಬೆಲೆ ಬೇರೆ: ಕಣ್ಣು ಒಂದು ಗೇಣು ಹಿಂದೆ ಸರಿಯುವುದರಿಂದ ರೈಫಲನ್ನು ಹಿಡಿಯುವ ಭಂಗಿ ಕೆಡುತ್ತದೆ, ಕಾಣುವ ಬೆಳಕಿಗೆಂದು ಮಾಡಿದ ಹಗಲು ಸ್ಕೋಪಿನ ಲೇಪಗಳು ಅವಗೆಂಪಿನಲ್ಲಿ ಒಂದಿಷ್ಟನ್ನು ನುಂಗುತ್ತವೆ. ಮುಂದೆ ಸಿಕ್ಕಿಸುವುದಾದರೆ ಭಂಗಿ ಹಾಗೇ ಉಳಿಯುತ್ತದೆ. ಆದರೆ ಸ್ಕೋಪು ಆಗ ನೋಡುವುದು ಪ್ರಾಣಿಯನ್ನಲ್ಲ, ಪುಟ್ಟ ಪರದೆಯನ್ನು. ಆ ಪರದೆಯ ಚಿತ್ರ ಕೂದಲೆಳೆಯಷ್ಟು ಜರುಗಿದರೂ ಗುಂಡು ಬೇರೆಡೆ ಬೀಳುತ್ತದೆ. ಹೆಚ್ಚು ಹಿಗ್ಗಿಸಿದರೆ ಪರದೆಯ ಚುಕ್ಕೆಗಳೇ ಎದ್ದು ಕಾಣುತ್ತವೆ.

ನನ್ನನ್ನು ಕೇಳಿದರೆ ಹಿಂದೆ ತೊಡಿಸುವುದೇ ಮೇಲು, ಒಂದು ಮಾತು ಸೇರಿಸಿ. ಮಾರುವವರು ಹೇಳುವ ದೂರ ಸಾಮಾನ್ಯವಾಗಿ ಜಾನ್ಸನ್‌ನ ಮೊದಲ ಮೆಟ್ಟಿಲಿನದು. ಇನ್ನೂರು ಮೀಟರಿನಲ್ಲಿ ಏನೋ ಕಾಣುತ್ತದೆ ಎಂದರೆ ಅದು ನರಿಯೋ ನೆರೆಮನೆಯ ನಾಯಿಯೋ ಎಂದು ಖಚಿತವಾಗುವ ದೂರ ಅದರ ಒಂದು ಸಣ್ಣ ಪಾಲು. ಡಿಜಿಟಲ್ ಜೂಮು ಚಿತ್ರವನ್ನು ದೊಡ್ಡದು ಮಾಡುತ್ತದೆಯೇ ಹೊರತು ಒಂದು ಗೆರೆಯನ್ನೂ ಹೆಚ್ಚಿಸುವುದಿಲ್ಲ. ಶಾಖ ನೋಡುವ ಥರ್ಮಲ್ ಸಾಧನ ‘ಇದೆ’ ಎನ್ನುವುದರಲ್ಲಿ ಎಲ್ಲರಿಗಿಂತ ಮುಂದು, ‘ಇದೇ’ ಎನ್ನುವುದರಲ್ಲಿ ಹಿಂದು. ಹಾಗಾಗಿಯೇ ಅಲ್ಲಿನ ಎಷ್ಟೋ ಜನ ಥರ್ಮಲ್‌ನಲ್ಲಿ ಹುಡುಕಿ, ಡಿಜಿಟಲ್‌ನಲ್ಲಿ ಗುರುತಿಸಿ, ಆಮೇಲೆ ಕುದುರೆಗೆ ಬೆರಳಿಡುತ್ತಾರೆ.

ಭಾರತದಲ್ಲಿ ಈ ಕೊಳ್ಳುವ ಪ್ರಶ್ನೆಗೆ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂಲ ರೂಪದ 17ನೇ ವಿಧಿ ಕೃತಕ ಬೆಳಕಿನ ಬೇಟೆಯನ್ನೂ ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಬೇಟೆಯನ್ನೂ ತಡೆದಿತ್ತು. ತಾನು ಕೊಂದ ಪ್ರಾಣಿಯ ಬಳಿ ಮರಳುವ ಮಾಂಸಾಹಾರಿಗೆ ಕಾಯುವವನಿಗೆ ಮಾತ್ರ ವಿಶೇಷ ಪರವಾನಗಿಯಲ್ಲಿ ವಿನಾಯಿತಿ. ಅಟ್ಟಣೆಯ ಮೇಲಿನ ಟಾರ್ಚಿಗೆ ಕಾನೂನು ಬಿಟ್ಟ ಕೊನೆಯ ಕಿಂಡಿ ಅದು. 1991ರ ತಿದ್ದುಪಡಿಯಲ್ಲಿ ಪರವಾನಗಿ ಬೇಟೆಯೇ ಹೋಯಿತು, ಜೊತೆಗೆ ಆ ವಿಧಿಯೂ.

ಅದೇ 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿ ಎಣಿಸಲು ಮರಗಳಿಗೆ ಕ್ಯಾಮೆರಾ ಕಟ್ಟುತ್ತಿದ್ದರು. ಪ್ರತಿ ಹುಲಿಯ ಪಟ್ಟೆ ಬೇರೆ, ಆದ್ದರಿಂದ ಒಂದೊಂದನ್ನೂ ಗುರುತು ಹಿಡಿಯಬಹುದು ಎಂಬುದು ಆ ವಿಧಾನದ ಬುಡ. ಆಗಿನವು ಫಿಲ್ಮ್ ಕ್ಯಾಮೆರಾಗಳು. ಈಗ ಕಾಡಿನ ಕ್ಯಾಮೆರಾಗಳಲ್ಲೂ ಸಿಮಾಸ್ ಸಂವೇದಕವೇ ಇದೆ, ಹಲವು ಮಾದರಿಗಳಲ್ಲಿ ಅದೇ 940 ನ್ಯಾನೋಮೀಟರಿನ ಹೊಳೆಯದ ದೀಪವೂ ಇದೆ. ಆದರೆ ಹುಲಿ ಎಣಿಸುವವರು ಎಷ್ಟೋ ಕಡೆ ಇಂದಿಗೂ ಬಿಳಿ ಫ್ಲ್ಯಾಶಿನ ಕ್ಯಾಮೆರಾವನ್ನೇ ಕಟ್ಟುತ್ತಾರೆ. ಕಾಣದ ಬೆಳಕಿನಲ್ಲಿ ನಡೆದುಹೋಗುವ ಹುಲಿಯ ಚಿತ್ರ ಕದಡಿರುತ್ತದೆ, ಹುಲಿ ಬಂದಿತ್ತು ಎಂದು ಗೊತ್ತಾಗುತ್ತದೆ, ಯಾವ ಹುಲಿ ಎಂದು ಪಟ್ಟೆ ಓದಲು ಆಗುವುದಿಲ್ಲ.