ಊರಿನ ಎಲ್ಲೆ, ನೀರಿನ ಎಲ್ಲೆ

ಒಂದು ಊರಿನ ಪುರಸಭೆಯು ತನ್ನ ಎಲ್ಲೆಯೊಳಗಿನ ನೆಲವನ್ನು ಯಾವ ಯಾವ ಕಾರ್ಯಕ್ಕೆ ಬಳಸಬೇಕೆಂಬುದನ್ನು ತಾನೇ ನಿರ್ಣಯಿಸುವುದು ನ್ಯಾಯವಾಗಿಯೇ ತೋರುತ್ತದೆ. ಆದರೆ ಒಂದೂರಿನ ನಿರ್ಣಯದ ಫಲವನ್ನು ಮತ್ತೊಂದೂರು ಉಣ್ಣಬೇಕಾಗಿ ಬಂದರೆ ಮಾಡತಕ್ಕುದೇನು? ಈ ಪ್ರಶ್ನೆಗೆ ಅರ್ಕಾವತಿ ಹೊಳೆಯ ಚರಿತ್ರೆಗಿಂತ ತಕ್ಕ ನಿದರ್ಶನವು ನಮ್ಮ ನಾಡಿನಲ್ಲಿ ದೊರೆಯುವುದು ಕಷ್ಟ.

ಅರ್ಕಾವತಿಯು ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಮಾರ್ಗವಾಗಿ ಇಳಿದು ಬರುತ್ತದೆ. ಶಿವಗಂಗೆಯ ಕಡೆಯಿಂದ ನೆಲಮಂಗಲದ ಸೀಮೆಯನ್ನು ಹಾದು ಬರುವ ಕುಮುದ್ವತಿಯು ತಿಪ್ಪಗೊಂಡನಹಳ್ಳಿಯ ಬಳಿ ಅದನ್ನು ಕೂಡುತ್ತದೆ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕೈಗೊಂಡ ಯೋಜನೆಯಂತೆ, 1896ರಲ್ಲಿ ಈ ಹೊಳೆಗೆ ಸೇರಿದ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳಾಯಿಯ ನೀರು ಬಂದಿತು. ಅದು ಸಾಲದಾದಾಗ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ಕಟ್ಟಿ, 1933ರಲ್ಲಿ ಮುಗಿಸಿದರು. ಅದಕ್ಕೆ ಮಳೆಯ ನೀರನ್ನು ಕೂಡಿಸಿಕೊಡುವ ನೆಲದ ವಿಸ್ತಾರ ಸುಮಾರು 1,450 ಚದರ ಕಿಲೋಮೀಟರು.

ಆ ಕಾಲದಲ್ಲಿ ಬೆಂಗಳೂರೇ ಎರಡಾಗಿದ್ದಿತು. ಪೇಟೆಗೂ ದಂಡಿಗೂ 1862ರಿಂದ ಬೇರೆ ಬೇರೆ ಪುರಸಭೆಗಳು. 1881ರ ತರುವಾಯ ಪೇಟೆಯು ಮೈಸೂರು ಮಹಾರಾಜರ ಸರ್ಕಾರಕ್ಕೂ, ದಂಡು ಬ್ರಿಟಿಷರ ಆಡಳಿತಕ್ಕೂ ಸೇರಿದ್ದುವು. 1949ರಲ್ಲಿ ಎರಡೂ ಕೂಡಿ ಒಂದೇ ಕಾರ್ಪೊರೇಷನ್ ಆದುವು. ಹೀಗೆ ನೀರು ಕುಡಿಯುವವರು ಒಂದಾದರು. ನೀರು ಕೊಡುವ ನೆಲ ಮಾತ್ರ ಹಲವು ಪುರಸಭೆ, ಪಂಚಾಯತಿಗಳ ಕೈಯಲ್ಲಿಯೇ ಉಳಿಯಿತು.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಒಂದೊಂದು ಪ್ರದೇಶಕ್ಕೆ ಒಂದೊಂದು ಯೋಜನಾ ಪ್ರಾಧಿಕಾರವನ್ನು ಕಲ್ಪಿಸಿತು. ಅವುಗಳನ್ನು ಹೊಂದಿಸಿ ನಡೆಯಿಸಲು 1985ರ ಕಾಯಿದೆಯ ಮೇರೆಗೆ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರವು ಏರ್ಪಟ್ಟಿತು. ಅಷ್ಟರಲ್ಲಿ ಹೊಳೆಯ ಮೇಲ್ಭಾಗದ ನೆಲವು ಮಾರ್ಪಡತೊಡಗಿತ್ತು. ರಾಗಿಯ ಹೊಲಗಳಲ್ಲಿ ನೀಲಗಿರಿಯ ತೋಪುಗಳೆದ್ದುವು. ಕೊಳವೆ ಬಾವಿಗಳು ಹೆಚ್ಚಿದುವು. ಬಡಾವಣೆಗಳೂ ಕಾರ್ಖಾನೆಗಳೂ ಬಂದುವು. ಊರುಗಳ ಕೊಳಚೆಯು ಹಳ್ಳಗಳಿಗೆ ಇಳಿಯಿತು. ಇವುಗಳಲ್ಲಿ ಒಂದೊಂದೂ ಆಯಾ ಸ್ಥಳದ ದೃಷ್ಟಿಗೆ ಸಣ್ಣದೇ. ಎಲ್ಲವೂ ಕೂಡಿದಾಗ ಹೊಳೆಯು ಬಡವಾಯಿತು. ಮಳೆ ಕಡಮೆಯಾದುದೇ ಮುಖ್ಯ ಕಾರಣವಲ್ಲ, ಅಂತರ್ಜಲದ ಅತಿ ಬಳಕೆಯೂ ನೀಲಗಿರಿಯೂ ಕಾರಣವಾಗಿರಬೇಕೆಂದು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. 2003ರಲ್ಲಿ ಸರ್ಕಾರವು ಈ ನೆಲವನ್ನು ವಲಯಗಳಾಗಿ ವಿಂಗಡಿಸಿ ಕಟ್ಟಡಗಳಿಗೂ ಕೈಗಾರಿಕೆಗಳಿಗೂ ನಿರ್ಬಂಧಗಳನ್ನು ವಿಧಿಸಿತು. ಅದು ತಡವಾಗಿ ಬಂದ ಮದ್ದು. 2012ರ ಸುಮಾರಿಗೆ ಜಲಾಶಯದಿಂದ ನಗರಕ್ಕೆ ಕುಡಿಯುವ ನೀರನ್ನು ಎತ್ತುವುದೇ ನಿಂತುಹೋಯಿತು. ಅದಕ್ಕೆ ಬಹಳ ಮುಂಚೆಯೇ, 1974ರಿಂದ, ಬೆಂಗಳೂರು ದೂರದ ಕಾವೇರಿಯನ್ನು ಆಶ್ರಯಿಸಿದ್ದಿತು.

ಇಲ್ಲಿ ಮೇಲೂರಿನ ರೈತನನ್ನು ದೂರುವುದು ಸುಲಭ; ಆದರೆ ಅದು ಧರ್ಮವಲ್ಲ. ನೀನು ಬಾವಿ ತೋಡಬೇಡ, ನೆಲ ಮಾರಬೇಡ ಎಂದು ಅವನಿಗೆ ಹೇಳುವ ನಗರವು ಅವನ ನಷ್ಟದಲ್ಲಿ ಪಾಲುಗೊಳ್ಳಲು ಒಪ್ಪಿತೆ? ನಮ್ಮ ಹಿರಿಯರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಆ ಸಾಲಿನಲ್ಲಿ ಒಂದೂರಿನ ಹಿತವು ಇನ್ನೊಂದೂರಿನ ಸಂಯಮಕ್ಕೆ ಕಟ್ಟುಬಿದ್ದಿದ್ದಿತು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಈ ತತ್ತ್ವವನ್ನೇ ಹೊಸ ಮಾತಿನಲ್ಲಿ ಹೇಳುತ್ತದೆ. ಜಿಲ್ಲೆಗೂ ಮಹಾನಗರಕ್ಕೂ ಯೋಜನಾ ಸಮಿತಿಗಳಿರಬೇಕು. ಅವು ಪಂಚಾಯತಿಗಳ ಮತ್ತು ಪುರಸಭೆಗಳ ಸಮಾನ ಹಿತವನ್ನೂ, ನೀರಿನ ಹಂಚಿಕೆಯನ್ನೂ ಗಮನಿಸಿ ಯೋಜನೆಯನ್ನು ರಚಿಸಬೇಕು ಎಂಬುದು ಅದರ ವಿಧಿ. ಆದುದರಿಂದ ಕೊರತೆಯಿರುವುದು ಕಾಯಿದೆಯಲ್ಲಲ್ಲ. ಮೇಲೂರೂ ಕೆಳಗಿನ ಊರೂ ಒಂದೇ ಜಮಖಾನೆಯ ಮೇಲೆ ಕುಳಿತು, ಲಾಭವನ್ನು ಹೇಗೋ ಹಾಗೆಯೇ ನಷ್ಟವನ್ನೂ ಹಂಚಿಕೊಳ್ಳುವ ಮನಸ್ಸು ಬೇಕು. ಅದಿಲ್ಲದೆ ಇನ್ನೂ ದೂರದ ಹೊಳೆಯನ್ನು ಅರಸಿ ಹೋದರೆ, ಅಲ್ಲಿಯೂ ಇದೇ ಕಥೆ ನಮ್ಮನ್ನು ಎದುರುಗೊಂಡೀತು.